ಮುಂದಿನ ಸೀಟಿನ ಗಂಗಮ್ಮ

ಹಾಲಸಿದ್ದಪ್ಪ ಬಳ್ಳಾರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ನೆಂಟರ ನಡುವೆ ಅವನಿಗೆ ಯಾರೂ ನೇಮಿಸದ ಇನ್ನೊಂದು ಕೆಲಸವೂ ಇತ್ತು. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು ಸಿಗುತ್ತದೆಯೇ, ತಾಮ್ರದ ಬಳೆ ತೊಟ್ಟರೆ ಮಂಡಿನೋವು ಹೋಗುತ್ತದೆಯೇ, ಯಾವುದೋ ಪುಡಿ ಬೆರೆಸಿದರೆ ಸೀಮೆಎಣ್ಣೆ ಎರಡು ಪಟ್ಟು ಹೊತ್ತು ಉರಿಯುತ್ತದೆಯೇ ಎಂದು ಕೇಳಿದವರಿಗೆಲ್ಲ ಇಲ್ಲ ಎನ್ನುವ ಕೆಲಸ. ಕೇಳುವವರು ಹೌದೆಂಬ ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಿದ್ದರು. ಇಲ್ಲವೆಂದಾಗ ಅವರಿಗೆ ಪುಡಿಯ ಮೇಲೆ ಬೇಸರವಾಗುತ್ತಿರಲಿಲ್ಲ, ಇವನ ಮೇಲೆ ಆಗುತ್ತಿತ್ತು. ನಲವತ್ತು ತುಂಬುವ ಮೊದಲೇ ಅವನಿಗೆ ಇದು ಸಾಕಾಗಿ ಹೋಗಿತ್ತು.

ಪೆಟ್ರೋಲಿನ ಬೆಲೆ ಹೇಳದೆ ಕೇಳದೆ ಏರಿದ ಎಪ್ಪತ್ನಾಲ್ಕರ ಬೇಸಿಗೆ ರಜೆಯಲ್ಲಿ ಕುರುಗೋಡಿನಿಂದ ಅಕ್ಕ ಚನ್ನವೀರಮ್ಮ ಹೇಳಿ ಕಳಿಸಿದಳು: ಎರಡು ದಿನ ಬಂದು ಹೋಗು, ನಿಮ್ಮ ಭಾವ ಕರೆಯುತ್ತಿದ್ದಾರೆ. ಭಾವ ತಿಪ್ಪೇರುದ್ರಪ್ಪನದು ಒಂದು ಹಳೆಯ ಅಂಬಾಸಿಡರ್. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಲೈನಿನಲ್ಲಿ ಬಸ್ಸು ತಪ್ಪಿದವರನ್ನೂ ಬಸ್ಸಿಗೆ ಕಾಯಲಾರದವರನ್ನೂ ತುಂಬಿಕೊಂಡು ಹದಿನೈದು ವರ್ಷದಿಂದ ಓಡಿಸುತ್ತಿದ್ದ. ಹಾಲಸಿದ್ದಪ್ಪ ಹೋಗಿ ಚಪ್ಪಲಿ ಬಿಡುವುದರೊಳಗೆ ವಿಷಯ ಹೊರಬಿತ್ತು.

"ಬಾಟ್ಲಿ ಬಗ್ಗೆ ಕೇಳಿಯೇನಲೇ?" ಎಂದ ಭಾವ. "ಸಿರುಗುಪ್ಪದ ಎರ್ರಣ್ಣ ಕಟ್ಟಿಕೊಟ್ಟಾನ. ನೀರಿನಾಗಿಂದ ಗ್ಯಾಸ್ ತಗದು ಎಂಜಿನ್ನಿಗೆ ಕುಡಸ್ತೈತಿ. ಪೆಟ್ರೋಲ್ ಕಾಲುಭಾಗ ಉಳೀತೈತಿ. ತಿಂಗಳಾತು, ನಾನೇ ನೋಡಾಕತ್ತೀನಿ."

"ಹೈಡ್ರೋಜನ್ನಾ?"

"ಅದೇ ಏನೋ ಅಂದ. ಐತವಾರ ಮಧ್ಯಾಹ್ನ ಸಿರುಗುಪ್ಪ ಸ್ಟ್ಯಾಂಡಿನಾಗ ಲೈನಿನ ಡ್ರೈವರೆಲ್ಲ ಕೂಡ್ತಾರ. ಎಲ್ಲರೂ ಹಾಕಿಸಿಕೊಳ್ಳಾಕ ತಯಾರದಾರ, ಖರೇ ಐತೋ ಇಲ್ಲೋ ಅಂತ ಓದಿದವರು ಒಬ್ರು ಹೇಳ್ಲಿ ಅಂತಾರ. ನಮ್ಮ ಬಾಮೈದ ಎಮ್ಮೆಸ್ಸಿ ಅದಾನ, ಅವನ್ನೇ ಕರಕೊಂಡು ಬರ್ತೀನಿ ಅಂತ ಮಾತು ಕೊಟ್ಟೀನಿ."

"ನೋಡದ ಹೆಂಗ ಹೇಳ್ಲಿ ಬಾವ?"

"ನೋಡು. ಯಾರು ಬ್ಯಾಡ ಅಂದ್ರು?"

ಭಾವ ಸ್ನಾನಕ್ಕೆ ಹೋದ ಮೇಲೆ ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. "ಹಾಲಸಿದ್ದ, ಹೋದ ಸಲ ನಮ್ಮತ್ತಿ ತೊಟ್ಟ ತಾಮ್ರದ ಬಳಿ ಸುಳ್ಳು ಅಂದಿ. ಎರಡು ವರ್ಷ ಆಕಿ ನಿನ್ನ ಮಾತಾಡಸ್ಲಿಲ್ಲ. ಸಾಯೋತನಕ ಬಳಿ ತಗೀಲೂ ಇಲ್ಲ. ಇವ್ರು ಸ್ಟ್ಯಾಂಡಿನಾಗ ಮಾತು ಕೊಟ್ಟಾರ. ನೀ ಅಲ್ಲಿ ಇಲ್ಲ ಅಂದ್ರ ಇವ್ರು ತಲಿ ಎತ್ತಿ ಅಡ್ಡಾಡೋದು ಹೆಂಗ? ಈ ಮನಿಗೆ ನೀ ಬರೋದು ಹೆಂಗ?"

"ಖರೇ ಇದ್ರ ಹೌದು ಅಂತೀನಕ್ಕ."

"ಖರೇನೇ ಇರಬೇಕು," ಎಂದಳು ಅಕ್ಕ. "ರೊಕ್ಕ ಕಡಿಮಿ ತಂದ್ರೂ ಪೆಟ್ರೋಲು ಉಳೀತೈತಿ ಅಂತ ಅವರೇ ಹೇಳ್ಯಾರ."

ಬೆಳಿಗ್ಗೆ ಗಾಡಿಯ ಬಾಗಿಲು ತೆರೆದಾಗ ಹಾಲಸಿದ್ದಪ್ಪ ಅದನ್ನು ಮೊದಲ ಸಲ ನೋಡಿದ. ಉಪ್ಪಿನಕಾಯಿ ಹಾಕುವ ದಪ್ಪ ಗಾಜಿನ ಜಾಡಿ. ಒಳಗೆ ಎರಡು ಉಕ್ಕಿನ ತಗಡು, ಕಾಸ್ಟಿಕ್ ಸೋಡಾ ಬೆರೆಸಿದ ನೀರು. ಬ್ಯಾಟರಿಯಿಂದ ಎರಡು ವೈರು ಬಂದು ತಗಡುಗಳಿಗೆ ಸೇರಿದ್ದವು. ಮುಚ್ಚಳದಿಂದ ಹೊರಟ ರಬ್ಬರ್ ಕೊಳವೆ ಡ್ಯಾಶ್‌ಬೋರ್ಡಿನ ಕೆಳಗಿನ ತೂತಿನಲ್ಲಿ ನುಗ್ಗಿ ಕಾರ್ಬುರೇಟರಿಗೆ ಹೋಗಿತ್ತು. ಬಾನೆಟ್ಟಿನ ಒಳಗಿಟ್ಟರೆ ಕಾವಿಗೆ ಜಾಡಿ ಒಡೆಯುತ್ತದೆ, ಕೆಳಗಿಟ್ಟರೆ ಯಾರಾದರೂ ಒದೆಯುತ್ತಾರೆ ಎಂದು ಅದನ್ನು ಸೋಡಾ ಬಾಟಲಿಯ ಮರದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಮುಂದಿನ ಉದ್ದ ಸೀಟಿನ ಮೇಲೆ ಡ್ರೈವರನ ಪಕ್ಕದಲ್ಲೇ ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಜಾಡಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮುಚ್ಚಳದ ಮೇಲೊಂದು ಕಣಗಿಲ ಹೂವು.

ತಿಪ್ಪೇರುದ್ರಪ್ಪ ಕೈಮುಗಿದು ಗಾಡಿ ಚಾಲೂ ಮಾಡಿದ. ತಗಡುಗಳ ಸುತ್ತ ಸಣ್ಣ ಗುಳ್ಳೆಗಳು ಎದ್ದವು. ಹಾಲಸಿದ್ದಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ವೈರಿನಲ್ಲಿ ಹರಿಯುವಷ್ಟು ಕರೆಂಟಿಗೆ ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಲೋಟ ಅನಿಲ. ಎಂಜಿನ್ನು ಅದೇ ನಿಮಿಷದಲ್ಲಿ ನೂರಾರು ಲೀಟರು ಗಾಳಿ ಎಳೆದುಕೊಳ್ಳುತ್ತದೆ. ಆ ಕರೆಂಟು ಕೊಡುವ ಡೈನಮೊ ತಿರುಗುವುದೂ ಅದೇ ಎಂಜಿನ್ನಿನ ಬಲದಿಂದ, ಅಂದರೆ ಅದೇ ಪೆಟ್ರೋಲಿನಿಂದ. ಕೊಟ್ಟದ್ದಕ್ಕಿಂತ ಕಡಿಮೆಯೇ ವಾಪಸು ಬರಬೇಕು. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾವ ಸುಳ್ಳು ಹೇಳುವವನಲ್ಲ. ತಿಂಗಳಿಂದ ಪೆಟ್ರೋಲು ಉಳಿದಿದೆ ಎಂದರೆ ಉಳಿದಿರಲೇಬೇಕು.

ಬಸ್‌ಸ್ಟ್ಯಾಂಡಿನ ಹತ್ತಿರ ಮಂದಿ ಮುತ್ತಿದರು. ಹಿಂದಿನ ಸೀಟು ತುಂಬಿತು, ಅದರ ಮುಂದೆ ಕಾಲಿಡುವ ಜಾಗವೂ ತುಂಬಿತು. ಸಿರಿಗೇರಿಗೆ ಹೋಗಬೇಕಿದ್ದ ಜಡೆಮ್ಮ, ಬದನೆಕಾಯಿ ಬುಟ್ಟಿ ಮಾರಿ ಖಾಲಿ ಮಾಡಿಕೊಂಡವಳು, ಮುಂದಿನ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನಪಾ ತಿಪ್ಪೇರುದ್ರಣ್ಣ, ಇನ್ನೂ ಇಳಿದಿಲ್ಲೇನು ನಿನ್ನ ಗಂಗಮ್ಮ? ಊರಾಗಿನ ಗಂಗಮ್ಮ ಬಾವ್ಯಾಗ ಇರ್ತಾಳ, ನಿನ್ನ ಗಂಗಮ್ಮಗ ಮುಂದಿನ ಸೀಟು ಬೇಕಾತೇನು?"

"ಹಿಂದ ಕುಂದ್ರವ್ವ. ದೇವ್ರಿಗೆ ಕಾಲು ತಾಕ್ತೈತಿ."

"ಟಿಕೀಟು ಕೊಡ್ತಾಳೇನು ಆಕಿ?"

"ಕೊಡ್ತಾಳ. ಪೆಟ್ರೋಲಿನಾಗ ಕೊಡ್ತಾಳ."

"ನಾನೂ ನೀರು ಕುಡಿದು ಬಂದೀನಿ, ನನಗೂ ಒಂದು ಕೊಳವಿ ಹಚ್ಚು," ಎನ್ನುತ್ತ ಜಡೆಮ್ಮ ಹಿಂದಿನವರ ಮಂಡಿಗಳ ನಡುವೆ ಹೇಗೋ ತೂರಿಕೊಂಡಳು. ಗಾಡಿಯೆಲ್ಲ ನಕ್ಕಿತು. ಆದರೆ ಜಾಡಿಯ ಪಕ್ಕಕ್ಕೆ ಒತ್ತಿ ಕುಳಿತುಕೊಳ್ಳಲು ಯಾರೂ ಬರಲಿಲ್ಲ. ಹಾಲಸಿದ್ದಪ್ಪ ಒಬ್ಬನೇ ಆ ತುದಿಯ ಕಿಟಕಿಯ ಬಳಿ ಕುಳಿತ. ಭಾವ ನಿಧಾನಕ್ಕೆ ಓಡಿಸಿದ. ಹಳ್ಳ ಬಂದರೆ ಒಂದು ಕೈ ಜಾಡಿಯ ಮೇಲೆ ಇಡುತ್ತಿದ್ದ. ನೀರು ತುಳುಕಬಾರದೆಂದು ಬ್ರೇಕನ್ನು ಹೂವಿನ ಮೇಲೆ ಹೆಜ್ಜೆಯಿಟ್ಟಂತೆ ಒತ್ತುತ್ತಿದ್ದ. ಹಿಂದೆ ಇದೇ ಗಾಡಿಯಲ್ಲಿ ಸಿರುಗುಪ್ಪಕ್ಕೆ ಹೋದವರಿಗೆ ಇಳಿದು ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ತೆಕ್ಕಲಕೋಟೆ ದಾಟಿದ ಮೇಲೆ ಹಿಂದಿನ ಸೀಟಿನವನೊಬ್ಬ ಬೀಡಿ ಕಚ್ಚಿ ಗಾಳಿಗೆ ಮರೆಯಾಗಲೆಂದು ಮುಂದಕ್ಕೆ ಬಗ್ಗಿ, ಜಾಡಿಯ ಮುಚ್ಚಳದ ಪಕ್ಕದಲ್ಲೇ ಕಡ್ಡಿ ಗೀರಲು ಹೋದ. ಹಾಲಸಿದ್ದಪ್ಪ ಅವನ ಮುಂಗೈ ಹಿಡಿದುಬಿಟ್ಟ.

"ಏನ್ರೀ ಮಾಸ್ತರ, ನಾ ಏನು ಕಳ್ಳೇನು?"

"ಅದರಾಗಿನ ಗ್ಯಾಸು ಹತ್ತಿಕೊಂಡ್ರ ಈ ಗಾಜೆಲ್ಲ ನಿನ್ನ ಮುಖದಾಗ ಇರ್ತೈತಿ. ಕಾಸ್ಟಿಕ್ ನೀರು ಕಣ್ಣಿಗೆ ಬಿದ್ರ ಕಣ್ಣು ಹೋಗ್ತೈತಿ."

ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ಸರಿದ. ಭಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಆ ಲೈನಿನ ಡ್ರೈವರುಗಳು ಟ್ಯಾಂಕಿನ ಮುಳ್ಳನ್ನು ನಂಬುತ್ತಿರಲಿಲ್ಲ. ಬಂಕಿನಲ್ಲಿ ಬಾಯಿತನಕ ತುಂಬಿಸಿ, ಗಾಡಿಯ ಹಿಂಬದಿ ಹಿಡಿದು ತೂಗಾಡಿಸಿ, ಗಾಳಿಯೆಲ್ಲ ಹೊರಬಿದ್ದ ಮೇಲೆ ಮತ್ತೆ ತುಂಬಿಸುವುದು; ಓಡಿಸಿ ಬಂದು ಮತ್ತೆ ಹಾಗೆಯೇ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು. ಪ್ರಯೋಗಶಾಲೆಯಲ್ಲಾದರೂ ಇದಕ್ಕಿಂತ ಒಳ್ಳೆಯ ದಾರಿ ಹಾಲಸಿದ್ದಪ್ಪನಿಗೆ ಹೊಳೆಯುತ್ತಿರಲಿಲ್ಲ. ಅವನು ಸೇರಿಸಿದ್ದು ಎರಡೇ. ಜಾಡಿಯ ವೈರಿಗೆ ಒಂದು ಸ್ವಿಚ್ಚು ಹಾಕಿ ತನ್ನ ಹಿಮ್ಮಡಿಯ ಕೆಳಗೆ ಇಟ್ಟುಕೊಂಡ. ಗುಳ್ಳೆ ಕಾಣದಂತೆ ಜಾಡಿಗೆ ಟವೆಲ್ಲು ಸುತ್ತಿದ. ಯಾವ ಟ್ರಿಪ್ಪಿನಲ್ಲಿ ಜಾಡಿ ನಡೆಯುತ್ತಿದೆ, ಯಾವುದರಲ್ಲಿ ಇಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತು.

"ನನಗೂ ಹೇಳಂಗಿಲ್ಲೇನು?" ಎಂದ ಭಾವ.

"ನಿಮಗೇ ಹೇಳಬಾರದು. ಗೊತ್ತಾದ್ರ ಎಕ್ಸಲರೇಟರಿನ ಮ್ಯಾಲೆ ನಿಮ್ಮ ಕಾಲು ತಾನೇ ಹಗುರ ಆಗ್ತೈತಿ."

ಎರಡು ದಿನ ಹಾಗೆ ಓಡಾಡಿದರು. ಬಿಸಿಗಾಳಿಯಲ್ಲಿ ಕುಳಿತು ಕುಳಿತು ಹಾಲಸಿದ್ದಪ್ಪನ ತುಟಿ ಒಡೆಯಿತು. ಜಾಡಿ ನಡೆದಾಗಲೂ ನಡೆಯದಿದ್ದಾಗಲೂ ಟ್ಯಾಂಕು ಹಿಡಿದದ್ದು ಒಂದೇ. ಎರಡರಲ್ಲೂ ಮೊದಲಿಗಿಂತ ಪೆಟ್ರೋಲು ಉಳಿದಿತ್ತು. ಉಳಿಸುತ್ತಿರುವುದು ಜಾಡಿಯಲ್ಲ ಎಂಬುದು ಸ್ಪಷ್ಟವಾಯಿತು. ಹಾಗಾದರೆ ಏನು ಎಂಬುದೂ ಅವನಿಗೆ ಹೆಚ್ಚು ಕಡಿಮೆ ತಿಳಿದಿತ್ತು. ಖಾತ್ರಿ ಮಾಡಿಕೊಳ್ಳಲು ಶನಿವಾರ ಸಂಜೆ ಕೇಳಿದ: "ಬಾವ, ಸಿರುಗುಪ್ಪದಿಂದ ವಾಪಸು ಬರೋ ಟ್ರಿಪ್ಪಿಗೆ ಪೆಟ್ಟಿಗಿ ಡಿಕ್ಕ್ಯಾಗ ಇಡೋಣ. ಮೊದಲಿನಂಗ ಮಂದಿ ಹತ್ತಿಸ್ರಿ, ಮೊದಲಿನಂಗೇ ಓಡಸ್ರಿ."

ತಿಪ್ಪೇರುದ್ರಪ್ಪ ಪೆಟ್ಟಿಗೆಯ ಟ್ಯೂಬನ್ನು ಇನ್ನಷ್ಟು ಬಿಗಿದ. "ಅದು ಬೇಕೇಬೇಕೇನು?"

"ಬೇಕು."

ಪೆಟ್ಟಿಗೆ ಎದ್ದಿತೋ ಇಲ್ಲವೋ, ಆ ಜಾಗಕ್ಕೆ ಇಬ್ಬರು ಬಂದು ಬಿದ್ದರು. ಅವರ ಪಕ್ಕಕ್ಕೆ ಇನ್ನಿಬ್ಬರು. ಕಡೆಯವನು ಬಾಗಿಲು ಹಾಕಿಕೊಳ್ಳಲು ಎಲ್ಲರನ್ನೂ ಒಂದು ಸಲ ಜೋರಾಗಿ ನೂಕಿದ. ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿದ್ದ ಹಾಲಸಿದ್ದಪ್ಪ ಭಾವನ ಬೆನ್ನು ನೋಡಿದ. ಅರ್ಧ ಸೊಂಟ ಸೀಟಿನ ಮೇಲೆ, ಇನ್ನರ್ಧ ಬಾಗಿಲಿಗೆ ಒತ್ತಿಕೊಂಡಿತ್ತು. ಬಲಭುಜ ಪೂರ್ತಿ ಕಿಟಕಿಯ ಹೊರಗೆ. ಸ್ಟಿಯರಿಂಗನ್ನು ಎದುರಿನಿಂದ ಹಿಡಿಯಲಾಗದೆ ಓರೆಯಾಗಿ ತಬ್ಬಿಕೊಂಡಂತೆ ಹಿಡಿದಿದ್ದ. ಗೇರು ಹಾಕಬೇಕಾದಾಗ ಪಕ್ಕದವನಿಗೆ "ಎದಿ ಹಿಂದ ತಗೋ" ಅನ್ನುತ್ತಿದ್ದ. ಈ ಗಾಡಿಯಲ್ಲಿ ಹಾಲಸಿದ್ದಪ್ಪ ಎಷ್ಟೋ ವರ್ಷ ಓಡಾಡಿದ್ದ. ಡ್ರೈವರುಗಳು ಹೀಗೆಯೇ ಕುಳಿತುಕೊಳ್ಳುವುದು ಎಂದುಕೊಂಡಿದ್ದನೇ ಹೊರತು ಅದನ್ನು ನೋಡಿರಲಿಲ್ಲ.

ಬಳ್ಳಾರಿಯಲ್ಲಿ ಮಂದಿಯನ್ನು ಇಳಿಸಿ, ಬಂಕಿನಲ್ಲಿ ತುಂಬಿಸಿದರು. ಉಳಿತಾಯವೆಲ್ಲ ಮಾಯವಾಗಿತ್ತು. ತಿಪ್ಪೇರುದ್ರಪ್ಪ ಗಾಡಿಯಿಂದಿಳಿದು ಬಾಗಿಲು ಹಿಡಿದು ನಿಂತೇ ಇದ್ದ. ಬಲಗಾಲು ಊರಲು ಆಗುತ್ತಿರಲಿಲ್ಲ.

ಖಾಲಿ ಗಾಡಿಯಲ್ಲಿ ಕುರುಗೋಡಿಗೆ ಹಿಂತಿರುಗುವಾಗ ಕಾಲುವೆಯ ಸೇತುವೆಯ ಬಳಿ ಭಾವ ನಿಲ್ಲಿಸಿದ. ಕಾಲುವೆಗೆ ನೀರು ನಿಲ್ಲಿಸಿದ್ದ ತಿಂಗಳು. ತಳದ ಕೆಸರು ಒಣಗಿ ಬಿರಿದಿತ್ತು. ಇಬ್ಬರೂ ದಂಡೆಯ ಕಲ್ಲಿನ ಮೇಲೆ ಕುಳಿತರು.

"ಜಾಡಿಯಿಂದ ಏನೂ ಇಲ್ಲ ಬಾವ. ಅದು ಇದ್ದಾಗ ನಾಕು ಮಂದಿ ಕಡಿಮಿ, ನೀವು ಓಡಸೋದೂ ಹಗುರ. ಅಷ್ಟ."

"ಗೊತ್ತೈತಿ."

ಹಾಲಸಿದ್ದಪ್ಪ ಅವನ ಕಡೆ ತಿರುಗಿದ.

"ಮೊದಲನೇ ವಾರ ಗೊತ್ತಿರ್ಲಿಲ್ಲ. ಆಮ್ಯಾಲ ಒಂದಿನ ವೈರು ಕಳಚಿ ಬಿದ್ದಿತ್ತು, ಅವತ್ತೂ ಅಷ್ಟೇ ಪೆಟ್ರೋಲು ಹಿಡೀತು. ನಾ ಏನು ಅಷ್ಟೂ ತಿಳೀದವನೇನಲೇ?" ಭಾವ ಬಲತೊಡೆಯನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿಕೊಂಡ. "ಹದಿನೈದು ವರ್ಷ ಆತು ಒಂದ ಕುಂಡಿ ಮ್ಯಾಲೆ ಕುಂತು. ಆ ಪೆಟ್ಟಿಗಿ ಬಂದ ದಿನ ನೆಟ್ಟಗ ಕುಂತೆ. ಸ್ಟಿಯರಿಂಗು ಎದಿ ಮುಂದ ಬಂತು. ನನ್ನ ಗಾಡ್ಯಾಗ ನನಗ ಒಂದು ಸೀಟು ಸಿಕ್ತು."

"ಮುಂದ ಇಬ್ಬರೇ ಅಂತ ಹೇಳಿ ಹತ್ತಿಸ್ರಿ."

"ಹೇಳಿಲ್ಲ ಅಂದುಕೊಂಡಿಯಾ? ನಾ ಹೇಳಿದ್ರ ಜಗಳ ಮಾಡ್ತಾರ. 'ಆ ಗಾಡ್ಯಾಗ ನಾಕು ಮಂದಿ, ನಿನ್ನದೇನು ರಾಜನ ಗಾಡಿಯೇನು' ಅಂತಾರ. ದೇವ್ರ ಕೂಡ ಯಾರು ಜಗಳ ಮಾಡ್ತಾರ?"

"ಹಂಗಾದ್ರ ವೈರು ಕಿತ್ತು ಬರೇ ನೀರು ಹಾಕಿ ಇಟ್ಕೋರಿ. ಕಾಸ್ಟಿಕ್ ಬ್ಯಾಡ, ಗ್ಯಾಸು ಬ್ಯಾಡ."

"ಗುಳ್ಳಿ ಕಾಣದಿದ್ರ ಒಂದ ದಿನಕ್ಕ ಜಡೆಮ್ಮ ಜಾಡಿ ಎತ್ತಿ ತೊಡಿ ಮ್ಯಾಲ ಇಟ್ಕೊಂಡು ಕುಂದ್ರತಾಳ." ಭಾವನಿಗೆ ನಗು ಬಂತು, ಬೇಗ ಹೋಯಿತು. "ನೀ ನಾಳೆ ಹೌದು ಅಂದುಬಿಡು. ಇನ್ನೇನೂ ಕೇಳಂಗಿಲ್ಲ."

ಒಂದೇ ಗಾಡಿಯಾಗಿದ್ದರೆ ಹಾಲಸಿದ್ದಪ್ಪ ಬಾಯಿ ಮುಚ್ಚಿಕೊಂಡು ಊರಿಗೆ ಹೋಗಿಬಿಡುತ್ತಿದ್ದ. ಆದರೆ ನಾಳೆ ಅವನು ತಲೆಯಾಡಿಸಿದರೆ ಲೈನಿನ ಪ್ರತಿ ಗಾಡಿಯಲ್ಲೂ ಒಂದೊಂದು ಜಾಡಿ ಕುಳಿತುಕೊಳ್ಳುತ್ತದೆ. ಪ್ರತಿ ಗಾಡಿಯಲ್ಲೂ ಬೀಡಿ ಹಚ್ಚುವವರು ಇರುತ್ತಾರೆ. ಎಲ್ಲ ಕಡೆ ಕೈ ಹಿಡಿಯಲು ಅವನಿರುವುದಿಲ್ಲ.

"ಆಗಂಗಿಲ್ಲ ಬಾವ," ಎಂದ. "ಒಂದು ಜಾಡಿ ಸಿಡಿದ್ರ ಹೋದ ಕಣ್ಣು ನಾ ತಂದುಕೊಡಾಕ ಆಗಂಗಿಲ್ಲ."

ಭಾವ ಎದ್ದು, ಬಾಗಿಲು ಹಿಡಿದು ಒಂದೊಂದೇ ಕಾಲು ಒಳಗೆ ಎಳೆದುಕೊಂಡ.

ಭಾನುವಾರ ಸಿರುಗುಪ್ಪ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಡ್ರೈವರುಗಳೆಲ್ಲ ಸೇರಿದ್ದರು. ಭಾವ ಜಾಡಿಯನ್ನು ಮತ್ತೆ ಮುಂದಿನ ಸೀಟಿಗೆ ಬಿಗಿದುಕೊಂಡು ಬಂದಿದ್ದ. ಎರ್ರಣ್ಣ ಬ್ಯಾಟರಿ ಚಾರ್ಜು ಮಾಡುವ ಅಂಗಡಿಯವ, ಆಸಿಡ್ಡು ಬಿದ್ದು ತೂತಾದ ಅಂಗಿ ತೊಟ್ಟು ಬಂದಿದ್ದ. ಮೋಸ ಮಾಡುವವನ ಮುಖವಲ್ಲ ಅದು. ತಾನು ಕಂಡುಹಿಡಿದದ್ದನ್ನು ತಾನೇ ಪೂರ್ತಿ ನಂಬಿದವನ ಮುಖ. ಅಂಥವರಿಗೆ ಇಲ್ಲ ಎನ್ನುವುದೇ ಹೆಚ್ಚು ಕಷ್ಟ. ಅವನು ಗಾಡಿಯ ಜಾಡಿಯಿಂದ ಬಂದ ಕೊಳವೆಯ ತುದಿಯನ್ನು ಸಾಬೂನು ನೀರಿಗೆ ಅದ್ದಿ, ಎದ್ದ ಗುಳ್ಳೆಯನ್ನು ಅಂಗೈ ಮೇಲೆ ತೆಗೆದುಕೊಂಡು ಉರಿಯುವ ಕಡ್ಡಿ ತೋರಿಸಿದ. ಗುಳ್ಳೆ ಟಪ್ಪೆಂದು ಸಿಡಿಯಿತು. ಮಂದಿ ಹೋ ಎಂದರು.

"ಚೂಡಂಡಿ ಸಾರ್, ನೋಡ್ರಿ! ಉರೀತೈತಲ್ಲ? ನೀರು ಉರೀತೈತಲ್ಲ?"

"ಉರೀತೈತಿ ಎರ್ರಣ್ಣ. ಸುಳ್ಳು ಅನ್ನಲ್ಲ. ಆದ್ರ ಆ ಗ್ಯಾಸು ಮಾಡೋ ಕರೆಂಟು ಎಲ್ಲಿಂದ ಬಂತು? ಡೈನಮೊದಿಂದ. ಡೈನಮೊ ತಿರುಗ್ಸೋರು ಯಾರು? ಎಂಜಿನ್ನು. ಕಾಲುವಿ ನೀರು ಪಂಪಿನಿಂದ ಮ್ಯಾಲ ಎತ್ತಿ, ಅದೇ ನೀರು ಕೆಳಗ ಬಿಟ್ಟು, ಆ ಪಂಪು ಓಡಸ್ತೀನಿ ಅಂದಂಗ. ಎತ್ತಾಕ ಹೋದದ್ದು ಪೂರಾ ವಾಪಸು ಬರಂಗಿಲ್ಲ. ಮ್ಯಾಲ ಇದು ಮಂದಿ ನಡುವ ಇಡೋ ವಸ್ತು ಅಲ್ಲ. ಈಗ ಅಂಗೈಯಾಗ ಸಿಡಿದದ್ದು ಒಂದು ಗುಳ್ಳಿ. ಜಾಡಿ ತುಂಬ ಅದೇ ಇರ್ತೈತಿ. ನಾ ಎರಡು ದಿನ ಹಾಕಿ ನೋಡೀನಿ, ತಗದು ನೋಡೀನಿ. ಜಾಡಿಯಿಂದ ಏನೂ ಉಳಿಯಂಗಿಲ್ಲ."

ಪಕ್ಕೀರಪ್ಪನೆಂಬ ಡ್ರೈವರು ಕೂತಲ್ಲಿಂದಲೇ ಕೇಳಿದ: "ಮತ್ತ ತಿಪ್ಪೇರುದ್ರಣ್ಣನ ಗಾಡ್ಯಾಗ ಪೆಟ್ರೋಲು ಉಳಿದದ್ದು ಸುಳ್ಳೇನ್ರೀ? ತಿಂಗಳಿಂದ ಎಲ್ಲರ ಮುಂದ ಹೇಳಿಕೊಂಡು ಅಡ್ಡಾಡ್ಯಾನಲ್ಲ?"

ಎಲ್ಲರೂ ತಿಪ್ಪೇರುದ್ರಪ್ಪನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಉಳಿದದ್ದು ಖರೇ," ಎಂದ ಹಾಲಸಿದ್ದಪ್ಪ. "ಮಂದಿ ಕಡಿಮಿ ಹತ್ತಿಸಿದ್ರು. ಅದಕ್ಕ."

ಹಿಂದಿನಿಂದ ಯಾರೋ ಅಂದರು: "ಅದನ್ನ ಹೇಳಾಕ ಎಮ್ಮೆಸ್ಸಿ ಬೇಕಾತಾ?" ನಗೆ ಮರದ ಕೆಳಗೆಲ್ಲ ಹರಡಿತು. "ತಿಪ್ಪೇರುದ್ರಣ್ಣ, ನಾಳಿಂದ ಒಬ್ಬರನ್ನೂ ಹತ್ತಿಸಬ್ಯಾಡಪಾ, ಪೂರಾ ಉಳೀತೈತಿ!" ಎಂದ ಪಕ್ಕೀರಪ್ಪ. ಎರ್ರಣ್ಣ ನಗಲಿಲ್ಲ. ಸಾಬೂನು ನೀರಿನ ತಟ್ಟೆಯನ್ನು ಚೆಲ್ಲಿ, ಒರೆಸಿ, ಚೀಲಕ್ಕೆ ಹಾಕಿಕೊಂಡ. ಅದನ್ನು ನೋಡಲು ಹಾಲಸಿದ್ದಪ್ಪನಿಂದ ಆಗಲಿಲ್ಲ.

ತಿಪ್ಪೇರುದ್ರಪ್ಪ ಗಾಡಿಯ ಹತ್ತಿರ ಹೋಗಿ ವೈರು ಬಿಚ್ಚಿದ, ಕೊಳವೆ ಎಳೆದ, ಸೈಕಲ್ ಟ್ಯೂಬು ಕಳಚಿದ. ಜಾಡಿಯ ನೀರನ್ನು ಯಾರ ಕಾಲಿಗೂ ತಾಕದಂತೆ ದೂರದ ಚರಂಡಿಗೆ ನಿಧಾನವಾಗಿ ಸುರಿದು, ಜಾಡಿಯ ಮೇಲಿನ ವಿಭೂತಿಯನ್ನು ಟವೆಲ್ಲಿನಿಂದ ಒರೆಸಿ, ಬರಿಯ ಜಾಡಿಯನ್ನು ಎರ್ರಣ್ಣನಿಗೆ ಕೊಟ್ಟ. ತಿರುಗಿ ಬರುವುದರೊಳಗೆ ಕುರುಗೋಡಿನ ಮಂದಿ ಮುಂದಿನ ಸೀಟು ಹಿಡಿದಾಗಿತ್ತು.

ಹಾಲಸಿದ್ದಪ್ಪ ಹೊರಗೇ ನಿಂತಿದ್ದ. "ನಾ ಬಸ್ಸಿಗೆ ಬರ್ತೀನಿ ಬಾವ."

"ನೀ ಬಿಟ್ರ ಇನ್ನೊಬ್ಬ ಹತ್ತತಾನ. ಹತ್ತು."

ಅವನು ಮುಂದಿನ ಸೀಟಿನ ಈ ತುದಿಗೆ ಹತ್ತಿದ. ಮೈಯನ್ನು ಎಷ್ಟು ಕುಗ್ಗಿಸಿಕೊಂಡರೂ ಬಾಗಿಲು ಹಾಕುವಾಗ ಅವನ ಒತ್ತು ಪಕ್ಕದವನಿಗೆ, ಪಕ್ಕದವನ ಒತ್ತು ಅವನ ಪಕ್ಕದವನಿಗೆ ದಾಟುತ್ತ ಹೋಗಿ ಆ ತುದಿಯಲ್ಲಿ ಭಾವನ ಭುಜ ಕಿಟಕಿಯ ಹೊರಗೆ ಹೋದದ್ದನ್ನು ಅವನು ನೋಡಿದ.

ಕುರುಗೋಡಿನಲ್ಲಿ ಕಡೆಯ ಮಂದಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಚನ್ನವೀರಮ್ಮ ಬಾಗಿಲಲ್ಲೇ ಇದ್ದಳು. ಖಾಲಿ ಸೀಟು ನೋಡಿದಳು, ಗಂಡ ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿದಳು, ಆಮೇಲೆ ತಮ್ಮನನ್ನು.

"ಇಲ್ಲ ಅಂದಿಯಲ್ಲ?"

"ಹ್ಞೂಂ."

"ಅವ ಇದ್ದದ್ದು ಹೇಳ್ಯಾನ," ಎಂದ ತಿಪ್ಪೇರುದ್ರಪ್ಪ, ಒಳಗಿನಿಂದಲೇ. "ಕೈಕಾಲಿಗೆ ನೀರು ಕೊಡು. ಎರಡು ತಾಟು ಹಾಕು."

"ಇಷ್ಟು ಯಾಕ ಕುಂಟಾಕತ್ತೀರಿ?"

ಭಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅಕ್ಕ ಮತ್ತೆ ತಮ್ಮನ ಕಡೆ ತಿರುಗಿದಳು. ಅವನು ಹೇಳಿದ: ಪೆಟ್ಟಿಗೆ, ಸೀಟು, ಸೊಂಟ, ಎಲ್ಲ. ಹೇಳುವಷ್ಟು ಹೊತ್ತೂ ಆಕೆ ತಂಬಿಗೆಯನ್ನು ಕೈಯಲ್ಲೇ ಹಿಡಿದಿದ್ದಳು.

"ಪೆಟ್ರೋಲು ಉಳೀತೈತಿ ಅಂತ ತಿಂಗಳಿಂದ ನನಗ ಹೇಳಿದ್ರಿ," ಎಂದಳು ಗಂಡನಿಗೆ. "ಸೊಂಟ ನೋಯ್ತೈತಿ ಅಂತ ಒಂದು ಮಾತು ಹೇಳಾಕ ಏನಾಗಿತ್ತು? ನನ್ನ ಮುಂದೂ ಗುಳ್ಳಿ ಎಬ್ಬಿಸಬೇಕಿತ್ತೇನು?"

"ಹೇಳಿದ್ರ ನೀ ಏನು ಮಾಡ್ತಿದ್ದಿ?"

ಗಂಡನ ಕೈಗೆ ನೀರು ಹಾಕಿ, ತಮ್ಮನ ಕೈಗೂ ಹಾಕಿ, ಆಕೆ ತಾಟು ಹಾಕಿದಳು. ಗಂಡನ ಬೆನ್ನಿಗೆ ಗೋಡೆ ಸಿಗುವಂತೆ ತಾಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು. ಇಬ್ಬರೂ ರೊಟ್ಟಿ ಮುರಿದು ಉಂಡರು.

"ನಾಳೆ ಗಾಡಿ ಎಷ್ಟೊತ್ತಿಗೆ?" ಎಂದು ಕೇಳಿದಳು ಕೊನೆಗೆ.

"ದಿನದಂಗ ನಸುಕಿನಾಗ," ಎಂದ ತಿಪ್ಪೇರುದ್ರಪ್ಪ. "ಹಾಲಸಿದ್ದಗ ಇನ್ನೊಂದು ರೊಟ್ಟಿ ಹಾಕು. ಅವನ ತಾಟು ಖಾಲಿ ಐತಿ."